ಕೊನೆಯ ಪ್ಯಾರಾ ಇಲ್ಲದ ಸಾಕ್ಷಿ

ಪ್ರಿಯ ಗೆಳೆಯ,

ನಿನ್ನ ಕಾಗದ ತಲುಪಿತು. ಅದರ ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆ ಒಂದೇ ಸಾಲಿನದು: ಶನಿವಾರದ ಸಂಜೆಗಳನ್ನೆಲ್ಲ ಚರ್ಚಿನ ಹುಡುಗರ ಬರಹ ತಿದ್ದುವುದಕ್ಕೆ ಕೊಡುತ್ತಿದ್ದೀಯಲ್ಲ, ಬರೆಯುವವರಲ್ಲಿ ಕ್ರೈಸ್ತರೆಂದು ಬೇರೆ ಪಂಕ್ತಿ ಯಾಕೆ ಬೇಕು? ಉತ್ತರವನ್ನು ನಿನಗೊಬ್ಬನಿಗೇ ಕಳಿಸಬಹುದಾಗಿತ್ತು. ಆದರೆ ಇದೇ ಪ್ರಶ್ನೆಯನ್ನು ನಮ್ಮ ಚರ್ಚಿನ ಸಭೆಯ ಹಿರಿಯರು ಬೇರೆ ಕಾರಣಕ್ಕೆ ಕೇಳಿದ್ದಾರೆ, ಆ ಹುಡುಗರ ತಂದೆತಾಯಿಗಳು ಇನ್ನೂ ಬೇರೆ ಕಾರಣಕ್ಕೆ ಕೇಳಿದ್ದಾರೆ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಮುಧೋಳದ ಬಸ್ಸಿನ ಸಂಗತಿಯನ್ನು ಮಾತ್ರ ಎಲ್ಲಿಯೂ ಎತ್ತುವುದಿಲ್ಲ, ನೀನು ನಿಶ್ಚಿಂತೆಯಿಂದಿರು.

ಕನ್ನಡ ಪಾಠ ಹೇಳುವ ನಿನಗೆ ಇತಿಹಾಸ ಹೇಳಬೇಕಾಗಿಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರ ಜುಲೈ 1ರಂದು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕೊಟ್ಟ ಕಿಟೆಲ್, ಇಬ್ಬರೂ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು ಎಂಬುದನ್ನು ನೀನೇ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೀಯೆ. ನಮ್ಮ ಹುಡುಗರಿಗೂ ಈ ಹೆಸರುಗಳು ಗೊತ್ತು. ಆದರೆ ಅವರಿಬ್ಬರೂ ಹಡಗಿನಲ್ಲಿ ಬಂದವರು. ಅವರನ್ನು ಕಂಡು ಒಬ್ಬ ಹುಡುಗನಿಗೆ ಗೌರವ ಹುಟ್ಟಬಹುದೇ ಹೊರತು ನಾನೂ ಬರೆಯಬಲ್ಲೆ ಎಂಬ ಧೈರ್ಯ ಹುಟ್ಟುವುದಿಲ್ಲ. ಆದ್ದರಿಂದ ನಾನು ಉತ್ತಂಗಿ ಚನ್ನಪ್ಪನವರಿಂದ ಆರಂಭಿಸುತ್ತೇನೆ. 1881ರಲ್ಲಿ ಹುಟ್ಟಿ, ಮಿಶನ್ನಿನಲ್ಲಿ ಪಾದ್ರಿಯಾಗಿ ದುಡಿದ ಆ ಮನುಷ್ಯರು ಜನರ ಬಾಯಲ್ಲಿಯೂ ಕೈಬರಹಗಳಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಹುಡುಕಿ, ಕೂಡಿಸಿ, 1924ರಲ್ಲಿ ಅಚ್ಚು ಮಾಡಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ವೇದಿಕೆಯಲ್ಲಿ ಕ್ರಿಸ್ತನನ್ನು ಸಾರುತ್ತ, ಸರ್ವಜ್ಞನಿಗಾಗಿ ಊರೂರು ಅಲೆಯುವುದರಲ್ಲಿ ಅವರಿಗೆ ಯಾವ ವಿರೋಧವೂ ಕಾಣಲಿಲ್ಲ ಎಂದು ಹೇಳಿದಾಗ ಹುಡುಗರ ಮುಖದಲ್ಲಿ ಆಗುವ ಬದಲಾವಣೆಯನ್ನು ನೀನು ಬಂದು ನೋಡಬೇಕು. ಆಮೇಲೆ ಸಾಗರದ ನಾ. ಡಿಸೋಜರ ಮಾತು ಬರುತ್ತದೆ. ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತ, ಶರಾವತಿಯ ನೀರಿನಲ್ಲಿ ಮನೆಮಾರು ಕಳೆದುಕೊಂಡವರ ಕಥೆ ಬರೆದು, 2014ರಲ್ಲಿ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾದವರು. ಮುಳುಗಿದ ಊರಿನವರ ದುಃಖ ಬರೆಯುವಾಗ ಅವರು ಯಾರ ಜಾತಿಯನ್ನೂ ಕೇಳಲಿಲ್ಲ, ತಮ್ಮದನ್ನು ಮುಚ್ಚಿಡಲೂ ಇಲ್ಲ.

ಹಾಗಾದರೆ ಬೇರೆ ಪಂಕ್ತಿ ಬೇಡವಲ್ಲ ಎನ್ನುತ್ತೀಯೆ. ಬೇಡ, ನಿಜ. ಆದರೆ ಪಂಕ್ತಿಗೆ ಬಂದು ಕೂರುವ ಮೊದಲು ಈ ಹುಡುಗರು ದಾಟಬೇಕಾದ ಹೊಸ್ತಿಲೊಂದಿದೆ, ಮತ್ತು ಅದು ನಮ್ಮ ಮನೆಯೊಳಗಿನ ಹೊಸ್ತಿಲು. ನಮ್ಮಲ್ಲಿ ಬರೆಯುವುದನ್ನು ಮಕ್ಕಳು ಕಲಿಯುವುದು ಸಾಕ್ಷಿಯಿಂದ. ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ಕಾಯಿಲೆ ಬಂತು, ಸಾಲವಾಯಿತು, ಮೊಣಕಾಲೂರಿದೆವು, ದೇವರು ಬಿಡಿಸಿದನು, ಆತನಿಗೆ ಸ್ತೋತ್ರ ಎಂದು ಹೇಳಿ ಕೂರುವುದು. ಸಾಕ್ಷಿಯನ್ನು ನಾನು ಹಗುರಾಗಿ ಕಾಣುವವನಲ್ಲ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯರು ತಮ್ಮ ಬಾಳನ್ನು ನಾಲ್ಕು ಜನರೆದುರು ಕಥೆಯಾಗಿ ಹೇಳಲು ಕಲಿತದ್ದು ಅಲ್ಲಿಯೇ. ಆದರೆ ಅದಕ್ಕೆ ಒಂದೇ ಮುಕ್ತಾಯವಿದೆ. ಲೇಖನ, ಕಥೆ, ಕವಿತೆ, ಯಾವುದನ್ನೇ ಬರೆಯಲಿ, ಹುಡುಗರ ಕೈ ತಾನಾಗಿ ಆ ಮುಕ್ತಾಯದ ಕಡೆಗೇ ಹೋಗುತ್ತದೆ.

ಬೆಟಗೇರಿ ಕಡೆಯ ನೇಕಾರರ ಮನೆಯ ಹುಡುಗನೊಬ್ಬ ಬರುತ್ತಾನೆ. ಅವನು ತನ್ನ ತಾಯಿಯ ಬಗ್ಗೆ ಬರೆದು ತಂದ. ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತವಳಿಗೆ ಮೊದಲ ಸಲ ಉಸಿರು ಸಿಕ್ಕಿಕೊಂಡದ್ದು, ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಅಪ್ಪ ಬೀಡಿ ಹಚ್ಚಿ ಸೇದದೆ ಹಿಡಿದುಕೊಂಡೇ ಕೂತದ್ದು, ಇಡೀ ಸಭೆ ಉಪವಾಸ ಪ್ರಾರ್ಥನೆ ಮಾಡಿದ್ದು, ಅವಳು ತೀರಿಕೊಂಡದ್ದು. ಇಷ್ಟನ್ನು ಅವನು ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಅದಾದ ಮೇಲೆ ಕೊನೆಯ ಪ್ಯಾರಾ ಬಂತು: ದೇವರ ಚಿತ್ತ ನೆರವೇರಿತು, ನಾವು ಸಂತೋಷದಿಂದಿದ್ದೇವೆ, ಆತನಿಗೆ ಸ್ತೋತ್ರ. ಓದುವಾಗ ಅವನ ದನಿಯೇ ಬದಲಾಯಿತು. ಈ ಪ್ಯಾರಾ ಯಾರು ಬರೆದರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬ್ಯಾರೆ ಸೀರಿ ಸೆರಗು ತಂದು ಕೂಡಿಸಿದಂಗ ಆಗೇತಲ್ಲರೀ ಸರ್’ ಎಂದ. ಅವನಿಗೆ ನಾನು ಹೇಳಿಕೊಡಬೇಕಾದದ್ದು ಅಲ್ಲಿಗೆ ಮುಗಿದಿತ್ತು.

ಸೆರಗನ್ನು ಬಿಚ್ಚಲು ಅವನಿಗೆ ಹೆದರಿಕೆ. ಅದನ್ನು ತೆಗೆದರೆ ಬರಹ ಕ್ರೈಸ್ತ ಬರಹವಾಗಿ ಉಳಿಯುತ್ತದೆಯೇ ಎಂದು ಕೇಳಿದ. ಅದಕ್ಕೆ ನಾನು ಬೈಬಲ್ಲನ್ನೇ ತೆರೆದೆ. 150 ಕೀರ್ತನೆಗಳಲ್ಲಿ ಗೋಳಾಟದ ಕೀರ್ತನೆಗಳೇ ಎಷ್ಟೋ ಇವೆ. ಹದಿಮೂರನೆಯದು ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ದೇವರನ್ನೇ ಕೇಳಿ ಶುರುವಾಗುತ್ತದೆ, ಆದರೆ ಕೊನೆಗೆ ಹಾಡಿಗೆ ತಿರುಗುತ್ತದೆ. ಎಂಬತ್ತೆಂಟನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲಿಯೇ ನಿಂತುಬಿಡುತ್ತದೆ. ಅದನ್ನು ಸಂಕಲಿಸಿದವರು ಒಂದು ಸ್ತೋತ್ರದ ಸಾಲು ಸೇರಿಸಿ ಮುಗಿಸಬಹುದಾಗಿತ್ತು, ಸೇರಿಸಲಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಿಗೆ ಬಂದದ್ದೂ ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು, ನನ್ನನ್ನು ಯಾಕೆ ಕೈಬಿಟ್ಟೆ ಎಂಬ ಪ್ರಶ್ನೆ.

ಬೈಬಲ್ಲಿನದೇ ಆದ ಪ್ರಲಾಪಗಳ ಪುಸ್ತಕವನ್ನು ನಾವು ಇನ್ನೂ ನಿಧಾನವಾಗಿ ಓದಿದೆವು. ಸುಟ್ಟುಹೋದ ಯೆರೂಸಲೇಮಿಗಾಗಿ ಅತ್ತ ಆ ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಸಾಗುತ್ತವೆ. ಮೂರನೆಯದರಲ್ಲಿ ಪ್ರತಿ ಅಕ್ಷರಕ್ಕೆ ಮೂರು ಮೂರರಂತೆ 66 ವಚನಗಳು. ಐದನೆಯ ಅಧ್ಯಾಯದಲ್ಲಿಯೂ 22 ವಚನಗಳಿವೆ, ಆದರೆ ಅಕ್ಷರಗಳ ಕ್ರಮ ಇಲ್ಲ. ಅಳುವವನಿಗೆ ಅಕ್ಷರಮಾಲೆ ಯಾಕೆ ಬೇಕಾಯಿತು ಎಂದು ಕೇಳಿದ್ದಕ್ಕೆ ಒಬ್ಬ ಹುಡುಗಿ, ಎಲ್ಲಿಯಾದರೂ ಮುಗಿಯಬೇಕಲ್ಲ, ಅದಕ್ಕೆ ಎಂದಳು. ಅವಳು ನರ್ಸಿಂಗ್ ಓದುತ್ತಿದ್ದಾಳೆ, ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದು ನೇರವಾಗಿ ಬರುತ್ತಾಳೆ. ನಮ್ಮ ಅ ಆ ಇ ಈ ಕ್ರಮದಲ್ಲಿಯೇ ಒಂದೊಂದು ಸಾಲು ಬರೆಯಲು ಎಲ್ಲರಿಗೂ ಹೇಳಿದೆ. ಅವಳು ವಾರ್ಡಿನ ಒಂದು ರಾತ್ರಿಯನ್ನು ಬರೆದು ತಂದಳು. ‘ಋ’ ಅಕ್ಷರಕ್ಕೆ ಎಲ್ಲರೂ ತಡವರಿಸಿದ್ದಾಗ, ಅವಳ ಸಾಲಿನಲ್ಲಿ ಹೆಣ ಬಿಡಿಸಿಕೊಳ್ಳಲು ಋಣ ಮಾಡುತ್ತಿರುವ ಮಗನೊಬ್ಬ ಇದ್ದ. ದೇವರ ಹೆಸರು ಆ ಬರಹದಲ್ಲಿ ಒಮ್ಮೆಯೂ ಬರುವುದಿಲ್ಲ. ಈಚಿನ ದಿನಗಳಲ್ಲಿ ಅದಕ್ಕಿಂತ ಭಕ್ತಿಯ ಬರಹವನ್ನು ನಾನು ಓದಿಲ್ಲ.

ನೀನು ಒಪ್ಪುವ ಮಾತೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಕನ್ನಡದ ಓದುಗನಿಗೆ ಭಕ್ತನು ದೇವರೊಡನೆ ಜಗಳವಾಡುವುದು ಹೊಸದಲ್ಲ. ದಾಸರು ನಿಂದಾಸ್ತುತಿ ಹಾಡಿದರು, ಶರಣರು ತಮ್ಮ ದೇವರನ್ನು ನಿಲ್ಲಿಸಿ ಕೇಳಿದರು. ಈ ಸಲಿಗೆಯ ಭಾಷೆ ನಮ್ಮ ಹುಡುಗರ ಮಾತೃಭಾಷೆಯಲ್ಲಿಯೇ ಇದೆ, ಅವರ ಬೈಬಲ್ಲಿನಲ್ಲಿಯೂ ಇದೆ, ಆದರೂ ಅವರು ಎರಡರಿಂದಲೂ ದೂರವಿರುವ ಒಂದು ಸಪ್ಪೆ ಉಪದೇಶದ ಕನ್ನಡದಲ್ಲಿ ಬರೆಯುತ್ತಾರೆ. ಉತ್ತಂಗಿಯವರಂತೆ ಊರಿನ ಬಾಯಿಗೆ ಕಿವಿಗೊಡಿ, ವಚನಗಳನ್ನು ಗಟ್ಟಿಯಾಗಿ ಓದಿ, ದಾಸರ ಪದಗಳನ್ನು ಬಾಯಿಪಾಠ ಮಾಡಿ ಎಂದು ನಾನು ಹೇಳುವುದು ಅದಕ್ಕೇ. ಅದರಿಂದ ಅವರ ವಿಶ್ವಾಸ ಕೆಡುತ್ತದೆಯೆಂದು ಹೆದರುವವರಿದ್ದಾರೆ. ಹೆದರುವ ಅಗತ್ಯವಿಲ್ಲ.

ಬೇರೆ ಒಂದು ವಿಷಯದಲ್ಲಿ ಮಾತ್ರ ನನಗೂ ಹೆದರಿಕೆಯಿದೆ, ಮತ್ತು ಈ ಕಾಗದ ನಿಜವಾಗಿ ಅದರ ಬಗ್ಗೆಯೇ. ಆ ನೇಕಾರರ ಹುಡುಗ ಕೊನೆಯ ಪ್ಯಾರಾ ತೆಗೆದು, ತನ್ನ ಬರಹವನ್ನು ಸಭೆಯ ಯುವಕರ ಕೂಟದಲ್ಲಿ ಓದಿದ. ಹಿರಿಯರೊಬ್ಬರು ಎದ್ದು, ‘ಸಾಕ್ಷಿ ಅಂದಮ್ಯಾಲೆ ದೇವರಿಗೆ ಮಹಿಮಾ ಬರಬೇಕಲ್ಲಪಾ’ ಎಂದರು. ಅವರು ಕಠಿಣ ಮನಸ್ಸಿನವರಲ್ಲ. ಎದೆಯೆತ್ತರದ ಮಗನನ್ನು ಮಣ್ಣು ಮಾಡಿದವರು, ಆ ಸಿದ್ಧ ಮುಕ್ತಾಯವನ್ನೇ ಹಿಡಿದುಕೊಂಡು ಬದುಕಿದವರು. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳುವ ಹಕ್ಕು ನನಗಿಲ್ಲ, ಹುಡುಗನಿಗೂ ಇಲ್ಲ. ಆದರೆ ಅಂದು ಹುಡುಗ ತಲೆ ತಗ್ಗಿಸಿ ಹೊರಗೆ ಹೋದ. ಮರುವಾರವೂ ಅವನು ಅದೇ ಬೆಂಚಿನ ಮೇಲೆ, ಅದೇ ಹಿರಿಯರ ಹಿಂದೆ ಕೂರಬೇಕು. ಸತ್ಯ ಬರೆ ಎಂದು ಹೇಳಿದವನು ಶನಿವಾರ ಬೀಗ ಹಾಕಿಕೊಂಡು ಮನೆಗೆ ಹೋಗುತ್ತಾನೆ, ಬರೆದವನು ಭಾನುವಾರ ಆರಾಧನೆಗೆ ಬರಬೇಕು. ಹೊರಗಿನ ಭಯ ಇನ್ನೊಂದು ಬಗೆಯದು. ಚಿಕ್ಕ ಸಭೆಗಳನ್ನು ಸಂಶಯದಿಂದ ನೋಡುವವರಿರುವ ಕಾಲದಲ್ಲಿ, ಪ್ರಾರ್ಥಿಸಿದರೂ ತಾಯಿ ಉಳಿಯಲಿಲ್ಲ ಎಂಬ ಸಾಲನ್ನು ಯಾರು ಯಾವುದಕ್ಕೆ ಬಳಸುತ್ತಾರೋ ಎಂದು ಆ ನರ್ಸಿಂಗ್ ಹುಡುಗಿಯ ತಂದೆ ನನ್ನನ್ನು ಕೇಳಿದರು. ಮಗಳ ಹೆಸರು ಹಾಕಬೇಡಿ ಎಂದರು. ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಬರೆಯುವವರನ್ನು ಪ್ರೋತ್ಸಾಹಿಸುವುದೆಂದರೆ ಬೆನ್ನು ತಟ್ಟುವುದಷ್ಟೇ ಎಂದು ತಿಳಿದವರಿಗೆ ಈ ಭಾರ ಕಾಣುವುದಿಲ್ಲ. ಬರೆದದ್ದರ ಪರಿಣಾಮ ಬಂದಾಗ ಪಕ್ಕದಲ್ಲಿ ನಿಲ್ಲಲು ಸಿದ್ಧನಿಲ್ಲದವನು ಬರೆ ಎಂದು ಹೇಳಬಾರದು, ಮತ್ತು ಎಷ್ಟು ಜನರ ಪಕ್ಕದಲ್ಲಿ, ಎಷ್ಟು ಕಾಲ ನಾನು ನಿಲ್ಲಬಲ್ಲೆ ಎಂಬ ಲೆಕ್ಕ ರಾತ್ರಿ ನನ್ನ ನಿದ್ದೆ ಕೆಡಿಸುತ್ತದೆ.

ಇದನ್ನು ಬರೆಯಬೇಕೆಂದು ಕೂತಿರಲಿಲ್ಲ, ಆದರೂ ಬರೆಯುತ್ತೇನೆ. ತಂಗಿ ತೀರಿಕೊಂಡ ವರ್ಷ ನಾನು ಪ್ರತಿ ಭಾನುವಾರ ಚರ್ಚಿಗೆ ಹೋದೆ, ಎಲ್ಲರೊಡನೆ ಎದ್ದು ನಿಂತೆ, ಗೀತಪುಸ್ತಕ ತೆರೆದು ಹಿಡಿದೆ, ಒಂದು ಹಾಡನ್ನೂ ಹಾಡಲಿಲ್ಲ. ಪಕ್ಕದಲ್ಲಿದ್ದವರು ಗಮನಿಸಿರಲಾರರು. ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ಮಾತು ಬರುತ್ತಿರಲಿಲ್ಲ. ಆ ಎಂಬತ್ತೆಂಟನೆಯ ಕೀರ್ತನೆಯನ್ನು ಮಾತ್ರ ಓದಲು ಆಗುತ್ತಿತ್ತು, ಏಕೆಂದರೆ ಅದು ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲ ಕಾರಣಗಳನ್ನು ಹೊತ್ತು ತಂದರು. ಬೈಬಲ್ಲಿನ ಯೋಬನ ಗ್ರಂಥದಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕೂತದ್ದು ಆ ಗ್ರಂಥದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದು ವಿವರಣೆ ಕೊಟ್ಟದ್ದಕ್ಕೆ ದೇವರು ಕೊನೆಗೆ ಅವರ ಮೇಲೆಯೇ ಕೋಪಗೊಂಡನು. ನೀನು ಶಿವಮೊಗ್ಗದಿಂದ ರಾತ್ರಿ ಬಸ್ಸು ಹಿಡಿದು ಬಂದೆ. ನಮ್ಮ ದೇವರನ್ನು ನೀನು ಪೂಜಿಸುವವನಲ್ಲ, ನಮ್ಮ ಸಮಾಧಾನದ ಮಾತುಗಳೂ ನಿನಗೆ ಬರುವುದಿಲ್ಲ. ಹಿತ್ತಲ ಕಲ್ಲಿನ ಮೇಲೆ ಸಂಜೆಯವರೆಗೆ ಕೂತು, ಅಮ್ಮನಿಗೆ ನೀರು ಸೇದಿ ಕೊಟ್ಟು ಹೋದೆ. ಈ ಹುಡುಗರು ಬರೆದು ತಂದದ್ದನ್ನು ಕೇಳುವಾಗ ನಾನು ಕೂರಲು ಪ್ರಯತ್ನಿಸುವುದು ನೀನು ಕೂತ ರೀತಿಯಲ್ಲಿಯೇ. ಇದನ್ನು ನಿನಗೆ ಎದುರು ನಿಂತು ಹೇಳಲು ಇಷ್ಟು ವರ್ಷ ಆಗಲಿಲ್ಲ, ಊರೆಲ್ಲ ಓದುವ ಕಾಗದದಲ್ಲಿ ಹೇಳಿಬಿಟ್ಟೆ. ತಂಗಿಯ ಬಗ್ಗೆ ನಾನು ಇಂದಿಗೂ ಒಂದು ಪುಟ ಬರೆದಿಲ್ಲ.

ಸಾಕು, ಇನ್ನು ಬೇರೆ ಮಾತು. ನಿನ್ನ ಮನೆಯ ಹಲಸಿನ ಹಪ್ಪಳ ಈ ಸಲ ಎರಡು ಕಟ್ಟು ಕಳಿಸಬೇಕೆಂದು ಮನೆಯವರ ಆಜ್ಞೆ. ಒಂದು ಕಟ್ಟು ಶನಿವಾರದ ಹುಡುಗರ ಪಾಲಿಗೆ ಹೋಗುತ್ತದೆಂದು ಅವರಿಗೆ ತಿಳಿದುಹೋಗಿದೆ. ಬದಲಿಗೆ ಫೇಡಾ ಕಳಿಸುತ್ತೇನೆ, ಆದರೆ ನಿನ್ನ ಡಾಕ್ಟರರ ಚೀಟಿ ನೋಡಿದ ಮೇಲೆಯೇ. ‘ರಾವ್ ಬಹದ್ದೂರ್’ ಸಿಕ್ಕಿದ್ದರು, ಕೊಡೆಯನ್ನು ಇನ್ನೂ ಹುಡುಕುತ್ತಿದ್ದಾರೆ, ನಾನು ಏನೂ ತಿಳಿಯದವನಂತೆ ನಡೆದುಬಂದೆ.

ಹುಡುಗರ ಮೂರು ಬರಹಗಳನ್ನು ಅಂಚೆಗೆ ಹಾಕಿದ್ದೇನೆ. ಬರೆದವರು ಕ್ರೈಸ್ತರೆಂಬುದನ್ನು ಮರೆತು ಓದು, ಹಾಗೆ ಮರೆಯಲು ಎಲ್ಲಿ ಆಗಲಿಲ್ಲವೋ ಅಲ್ಲಿ ಗೆರೆ ಎಳೆ. ಆ ಗೆರೆಗಳು ನಮಗೆ ಬೇಕು. ಕಾಗುಣಿತದ ತಪ್ಪುಗಳನ್ನು ನಾನು ನೋಡಿಕೊಳ್ಳುತ್ತೇನೆ. ಮೂವರಿಗೂ ಬೇರೆ ಬೇರೆಯಾಗಿ, ಅವರ ಹೆಸರಿಗೇ ಕಾಗದ ಬರೆ, ನನ್ನ ಲಕೋಟೆಯೊಳಗೆ ಸೇರಿಸಬೇಡ. ಸಭೆಯ ಹೊರಗೆ ಒಬ್ಬರು ತಮ್ಮನ್ನು ಓದಿದ್ದಾರೆಂಬುದು ಅವರ ಕೈಗೆ ನೇರವಾಗಿ ತಲುಪಲಿ. ನೇಕಾರರ ಹುಡುಗನಿಗೆ ಮೊದಲು ಬರೆ. ಅವನು ಕಳೆದ ಶನಿವಾರ ಬಂದಿರಲಿಲ್ಲ.

ನಿನ್ನವ