ಮಾತ್ರೆ ಬದಲಾಯಿಸುವಾಗ ನಡುವಿನ ದಿನಗಳ ಬಗ್ಗೆಯೂ ಹೇಳಿ

ಮಾನ್ಯ ಸಂಪಾದಕರೇ,

ಮಾನಸಿಕ ಕಾಯಿಲೆಯ ಬಗ್ಗೆ ಆರೋಗ್ಯ ಪುಟದಲ್ಲಿ ಏನೇ ಬರಲಿ, ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಸರಿಯಾದ ಮಾತೇ. ಆದರೆ ವೈದ್ಯರೇ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಬರೆದುಕೊಟ್ಟಾಗ ಏನಾಗುತ್ತದೆ? ಅದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಈ ಪತ್ರ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವಯಸ್ಸು 47. ಖಿನ್ನತೆಗೆ ನಾಲ್ಕು ವರ್ಷ ವೆನ್ಲಾಫ್ಯಾಕ್ಸಿನ್ ತೆಗೆದುಕೊಂಡೆ, ದಿನಕ್ಕೆ 150 ಮಿಲಿಗ್ರಾಂ. ಚೆನ್ನಾಗಿಯೇ ಇದ್ದೆ. ಆಮೇಲೆ ಬಿ.ಪಿ. ಏರತೊಡಗಿತು. ಈ ಔಷಧ ಕೆಲವರಲ್ಲಿ ಬಿ.ಪಿ. ಏರಿಸುತ್ತದೆ, ಡೋಸ್ ಹೆಚ್ಚಿದ್ದಷ್ಟೂ ಆ ಸಾಧ್ಯತೆ ಜಾಸ್ತಿ. ವೈದ್ಯರು ಮಿರ್ಟಾಜಪಿನ್‌ಗೆ ಬದಲಾಯಿಸಿದರು. "ನಾಳೆಯಿಂದ ಅದು ಬೇಡ. ರಾತ್ರಿ ಇದೊಂದು ತಗೊಳ್ಳಿ. ತಿಂಗಳು ಬಿಟ್ಟು ಬನ್ನಿ" ಅಂದರು. ಹೊರಗೆ ತುಂಬಾ ಜನ ಕಾಯುತ್ತಿದ್ದರು. ನಾನೂ ಏನೂ ಕೇಳದೆ ಎದ್ದು ಬಂದೆ.

ಕೊನೆಯ ಕ್ಯಾಪ್ಸೂಲ್ ನುಂಗಿದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ಬುಧವಾರ ಮೂರನೇ ಪೀರಿಯಡ್‌ನಲ್ಲಿ ಬೋರ್ಡಿನಿಂದ ಮಕ್ಕಳ ಕಡೆ ಕಣ್ಣು ಹೊರಳಿಸಿದೆ. ತಲೆಯೊಳಗೆ ಕರೆಂಟ್ ಹೊಡೆದಂತೆ ಜುಂ ಅಂತು. ನೋವಲ್ಲ, ಒಂದು ಕ್ಷಣದ ಝಳಪು. ಮತ್ತೆ ಬೋರ್ಡಿನ ಕಡೆ ನೋಡಿದೆ, ಮತ್ತೆ ಜುಂ. ಸಂಜೆಯ ಹೊತ್ತಿಗೆ ಕಣ್ಣು ಆಡಿಸಿದಾಗಲೆಲ್ಲ ಅದೇ ಆಯಿತು. ಗೋಡೆ ಹಿಡಿದು ಮೆಟ್ಟಿಲು ಇಳಿದೆ. ವಾಕರಿಕೆ, ಬೆವರು. ರಾತ್ರಿ ಎಷ್ಟು ಸ್ಪಷ್ಟವಾದ ಕನಸುಗಳೆಂದರೆ ಎದ್ದ ಮೇಲೂ ಯಾವುದು ನಡೆದದ್ದು, ಯಾವುದು ಕನಸು ಎಂದು ಯೋಚಿಸಬೇಕಾಗುತ್ತಿತ್ತು. ಶುಕ್ರವಾರ ಪೈಥಾಗೊರಸ್ ಪ್ರಮೇಯವನ್ನು ತಪ್ಪಿಲ್ಲದೆ ಬರೆದಿದ್ದ ಒಂದು ಉತ್ತರ ಪತ್ರಿಕೆ ನೋಡಿ ಅತ್ತುಬಿಟ್ಟೆ. ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಮನೆಯವರು "ಕಾಯಿಲೆ ಮತ್ತೆ ಬಂತು" ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಕ್ಲಿನಿಕ್‌ಗೆ ಫೋನ್ ಮಾಡಿದರೆ, ಎತ್ತಿಕೊಂಡವರು "ಕೊಟ್ಟ ತಾರೀಖಿಗೆ ಬನ್ನಿ" ಎಂದು ಇಟ್ಟರು. ನನ್ನ ಅಕ್ಕ ಮಾತ್ರ "ನೋಡು, ಮಾತ್ರೆ ಚಟ ಆಗಿಬಿಟ್ಟಿದೆ" ಅಂದಳು. ಅದೊಂದು ಮಾತು ತಲೆಯ ಕರೆಂಟಿಗಿಂತ ಜೋರಾಗಿ ಹೊಡೆಯಿತು. ಚಟ ಅಂದರೆ ಬೇಕು ಬೇಕು ಅನ್ನಿಸಬೇಕಲ್ವಾ? ನನಗೆ ಯಾವತ್ತೂ ಹಾಗೆ ಅನ್ನಿಸಿರಲಿಲ್ಲ. ಮೆದುಳು ಒಂದು ಔಷಧಕ್ಕೆ ಹೊಂದಿಕೊಂಡಿತ್ತು, ಥಟ್ಟನೆ ಅದನ್ನು ಕಿತ್ತುಕೊಂಡರು, ಅಷ್ಟೇ. ಬಿ.ಪಿ.ಯ ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೂ ಬಿ.ಪಿ. ಜಿಗಿಯುತ್ತದೆ. ಅದನ್ನು ಯಾರೂ ಚಟ ಅನ್ನುವುದಿಲ್ಲ.

ಆರನೇ ದಿನ ಬೇರೆ ವೈದ್ಯರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು: "ಹಿಂದೆ ಯಾವಾಗಲಾದರೂ ಒಂದು ಹೊತ್ತು ಮಾತ್ರೆ ಮರೆತಾಗ ಹೀಗೆ ಆಗಿತ್ತಾ?" ಆಗಿತ್ತು! ಒಮ್ಮೆ ಮದುವೆಗೆ ಹೋದಾಗ ಕ್ಯಾಪ್ಸೂಲ್ ಮನೆಯಲ್ಲೇ ಉಳಿದು, ಮರುದಿನ ತಲೆ ತಿರುಗಿತ್ತು. ಆಮೇಲೆ ಕೇಳಿದ್ದು: "ನಿಮಗೆ ಖಿನ್ನತೆ ಬಂದಾಗ ಹೇಗಿತ್ತು?" ನನ್ನ ಖಿನ್ನತೆಯಲ್ಲಿ ಅಳು ಇರಲಿಲ್ಲ, ಕರೆಂಟೂ ಇರಲಿಲ್ಲ. ಕಲ್ಲಿನ ಹಾಗೆ ಕೂತಿರುತ್ತಿದ್ದೆ. ಅದು ಬಂದದ್ದು ವಾರಗಟ್ಟಲೆ ನಿಧಾನವಾಗಿ. ಇದು ಎರಡೇ ದಿನದಲ್ಲಿ ಬಂದಿತ್ತು. ಅವರು ಹಳೆಯ ಔಷಧವನ್ನೇ 75 ಮಿಲಿಗ್ರಾಂನಂತೆ ಮತ್ತೆ ಶುರು ಮಾಡಿಸಿದರು. ಮರುದಿನಕ್ಕೆ ಝಳಪು ನಿಂತಿತು. ಕಾಯಿಲೆಯೇ ಮರಳಿ ಬಂದಿದ್ದರೆ ಒಂದು ದಿನಕ್ಕೆ ಹೋಗುತ್ತಿರಲಿಲ್ಲ, ಔಷಧ ಹಿಡಿಯಲು ವಾರಗಳೇ ಬೇಕು.

ಆಮೇಲೆ ಲೆಕ್ಕ ಹಾಕಿದೆ, ಕಸುಬು ಬಿಡುತ್ತದೆಯೇ. ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಸಮಯಕ್ಕೆ ಅರ್ಧಾಯುಷ್ಯ ಎನ್ನುತ್ತಾರೆ. ವೆನ್ಲಾಫ್ಯಾಕ್ಸಿನ್‌ದು ಸುಮಾರು 5 ಗಂಟೆ. ದೇಹದೊಳಗೆ ಅದರಿಂದಲೇ ಆಗಿ, ಅದೇ ಕೆಲಸ ಮಾಡುವ ಇನ್ನೊಂದು ವಸ್ತುವಿನದು ಸುಮಾರು 11 ಗಂಟೆ. 11, 22, 33, 44: ನಾಲ್ಕು ಸಲ ಅರ್ಧವಾದರೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಸೋಮವಾರ ಬೆಳಿಗ್ಗೆ ಎಂಟರಿಂದ 44 ಗಂಟೆ ಎಣಿಸಿದರೆ ಬುಧವಾರ ಬೆಳಗಿನ ಜಾವ ನಾಲ್ಕು. ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲ್ ಆದ್ದರಿಂದ ಕೊಂಚ ಹಿಂದೆಮುಂದೆ ಆಗಬಹುದು. ಆದರೂ ಮೂರನೇ ಪೀರಿಯಡ್‌ಗೆ ಎಷ್ಟು ಹತ್ತಿರ ಬಂತು ನೋಡಿ! ಹೊಸ ಮಾತ್ರೆ ಕೆಲಸ ಮಾಡುವ ರೀತಿಯೇ ಬೇರೆ, ಹಳೆಯದರ ಜಾಗವನ್ನು ಅದು ತುಂಬುವುದಿಲ್ಲ. ಇದನ್ನೆಲ್ಲ ನನ್ನ ಮೇಲೆ ಪ್ರಯೋಗ ಆಗುವ ಮೊದಲೇ ಹೇಳಬಹುದಿತ್ತು.

ಎರಡು ತಿಂಗಳು ಬಿ.ಪಿ. ನೋಡಿಕೊಳ್ಳುತ್ತಾ ಹಂತಹಂತವಾಗಿ ಇಳಿಸಿದೆವು. 75ರಿಂದ 37.5ಕ್ಕೆ ಬಂದದ್ದು ಗೊತ್ತೇ ಆಗಲಿಲ್ಲ. 37.5ರಿಂದ ಸೊನ್ನೆಗೆ ಬರುವಾಗ ಮತ್ತೆ ಒಂದು ವಾರ ಒದ್ದಾಡಿದೆ. ಕಳೆದದ್ದು ಎರಡೂ ಸಲ 37.5 ಮಾತ್ರ. ಆದರೆ ಡೋಸ್ ಮತ್ತು ಪರಿಣಾಮದ ಗ್ರಾಫ್ ನೇರ ಗೆರೆಯಲ್ಲವಂತೆ. ಸಣ್ಣ ಡೋಸೇ ಮೆದುಳಿನಲ್ಲಿ ಬಹುಪಾಲು ಕೆಲಸ ಮಾಡಿಬಿಡುತ್ತದೆ, ಹಾಗಾಗಿ ಕೊನೆಯ ಮೆಟ್ಟಿಲೇ ಎತ್ತರ. ಆ ದಿನಗಳಲ್ಲಿ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದ್ದೆ, 'ಹೋಗುವ ಮಾತ್ರೆ' ಮತ್ತು 'ಬರುವ ಮಾತ್ರೆ'. ಝಳಪು, ಅಳು ಮೊದಲನೆಯದಕ್ಕೆ. ಬೆಳಿಗ್ಗೆ ಬಿಡದ ಮಂಪರು, ವಿಪರೀತ ಹಸಿವು ಎರಡನೆಯದಕ್ಕೆ. ಮಂಪರು ಮೂರು ವಾರಕ್ಕೆ ಇಳಿಯಿತು. ಹಸಿವು ಇಳಿದಿಲ್ಲ, ಐದು ಕೆಜಿ ಹೆಚ್ಚಾಗಿದ್ದೇನೆ.

ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ, ನನ್ನ ಲೆಕ್ಕವನ್ನು ನಕಲು ಮಾಡಲೂ ಬೇಡಿ. ನಾನೂ ಈಗಲೂ ಮಾತ್ರೆಯಲ್ಲೇ ಚೆನ್ನಾಗಿದ್ದೇನೆ. ಎಷ್ಟೋ ಜನಕ್ಕೆ ನೇರ ಬದಲಾವಣೆ ಸಲೀಸಾಗಿ ಆಗುತ್ತದೆ. ಕೆಲವು ಔಷಧಗಳನ್ನು ಒಟ್ಟಿಗೆ ತೆಗೆದುಕೊಂಡರೆ ಜ್ವರ, ನಡುಕ, ಗೊಂದಲ ಬಂದು ಪ್ರಾಣಕ್ಕೇ ಅಪಾಯ. ಉದಾಹರಣೆಗೆ, ಖಿನ್ನತೆಗೇ ಕೊಡುವ ಫ್ಲೂಆಕ್ಸೆಟಿನ್ ಎಂಬ ಮಾತ್ರೆ ನಿಲ್ಲಿಸಿ ಎಂಎಒಐ ಎಂಬ ಹಳೆಯ ಗುಂಪಿನ ಖಿನ್ನತೆಯ ಔಷಧ ಶುರು ಮಾಡಬೇಕಾದರೆ ಐದು ವಾರ ಕಾಯಲೇಬೇಕು.

ನಾನು ಕೇಳುವುದು ಒಂದು ಹಾಳೆ. ಯಾವ ದಿನ ಎಷ್ಟು, ಮೊದಲ ವಾರ ಏನೇನು ಆಗಬಹುದು, ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕೂಡಲೇ ಫೋನ್ ಮಾಡಬೇಕು, ಎತ್ತಿಕೊಳ್ಳುವವರು ಯಾರು. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2020ರಲ್ಲೇ ಖಿನ್ನತೆಯ ಮಾತ್ರೆ ನಿಲ್ಲಿಸುವ ಬಗ್ಗೆ ರೋಗಿಗಳಿಗೆಂದೇ ಮಾಹಿತಿ ಬರೆದು ಪ್ರಕಟಿಸಿದೆ. ಅಂಥದ್ದು ಕನ್ನಡದಲ್ಲಿ ಚೀಟಿಯ ಜೊತೆ ಸಿಕ್ಕಿದ್ದರೆ ಆ ಬುಧವಾರ ನಾನು ಹೆದರುತ್ತಿರಲಿಲ್ಲ. ನಿಮ್ಮ ಆರೋಗ್ಯ ಪುಟದ ಆ ಕೊನೆಯ ಸಾಲಿನ ಪಕ್ಕದಲ್ಲಿ ಇದಕ್ಕೂ ನಾಲ್ಕು ಸಾಲು ಜಾಗ ಕೊಡಿ.

ದಯವಿಟ್ಟು ಹೆಸರು ಹಾಕಬೇಡಿ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿಮ್ಮ ಪತ್ರಿಕೆಯನ್ನೇ ಓದುವುದು, ಆ ವಾರದ ನನ್ನ ರಜೆ ಚೀಟಿಯಲ್ಲಿ 'ವೈರಲ್ ಜ್ವರ' ಅಂತಿದೆ.

– ಒಬ್ಬ ಗಣಿತ ಶಿಕ್ಷಕಿ