ನನ್ನ ವಿಜ್ಞಾನದ ಟೀಚರ್‌ಗೆ, ಎಲ್ಲರ ಎದುರಿಗೇ

ಸ್ಕ್ಯಾನ್ ರಿಪೋರ್ಟ್ ಬಂತು. ಕುತ್ತಿಗೆ ಮತ್ತು ಎದೆಯ ಗಂಟುಗಳಲ್ಲಿ ಈಗ ರೋಗದ ಸುಳಿವಿಲ್ಲ. ಇನ್ನು ಕೀಮೋ ಬೇಡ, ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು ಅಂತ ಡಾಕ್ಟರ್ ಹೇಳಿದ್ದಾರೆ. ಫೋನ್ ಮಾಡಿ ಮಾಡಿ ವಿಚಾರಿಸಿದವರಿಗೂ, ಮಾತಾಡಿಸಿದರೆ ಇವನಿಗೆ ಸುಸ್ತಾಗುತ್ತದೆ ಅಂತ ಸುಮ್ಮನಿದ್ದವರಿಗೂ ಮೊದಲು ಈ ಸುದ್ದಿ.

ಥ್ಯಾಂಕ್ಸ್ ಹೇಳಬೇಕಾದವರು ತುಂಬ ಜನ ಇದ್ದಾರೆ. ಹೆಂಡತಿಗೆ ಹೇಳುವುದನ್ನು ಮನೆಯಲ್ಲೇ ಹೇಳುತ್ತೇನೆ, ಊರಿಗೆಲ್ಲ ಕೇಳಿಸುವ ಹಾಗೆ ಹೊಗಳಿದರೆ ಅವಳಿಗೆ ಇಷ್ಟವಾಗುವುದಿಲ್ಲ. ಆಫೀಸಿನವರು ನನ್ನ ಕೆಲಸವನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು, ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ವಾರ್ಡಿನ ಸಿಸ್ಟರ್‌ಗಳಿಗಂತೂ ಏನು ಹೇಳಿದರೂ ಕಡಿಮೆಯೇ. ಆದರೆ ಈ ಬರಹ ಮುಖ್ಯವಾಗಿ ಒಬ್ಬರಿಗೆ. ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಟೀಚರ್‌ಗೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ. ನಮ್ಮ ಬ್ಯಾಚಿನವರಿಗೆ ಹೇಗೂ ಗೊತ್ತಾಗುತ್ತದೆ.

ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಮನೆಯವರೆಲ್ಲ ಪ್ರಾರ್ಥನೆ ಮಾಡಿದ್ದೆವು. ನಾನಂತೂ ದೇವರ ಜೊತೆ ಚೌಕಾಸಿಗೇ ಇಳಿದಿದ್ದೆ. ಇದು ಬಿಡುತ್ತೇನೆ, ಅದು ಮಾಡುತ್ತೇನೆ, ಅಪ್ಪನನ್ನು ಮನೆಗೆ ಕಳಿಸು. ಕಳಿಸಲಿಲ್ಲ. ಮತ್ತೆ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಬೆಳಗಿನ ಪ್ರಾರ್ಥನೆಯಲ್ಲಿ ನಾನು ಕಣ್ಣು ಮುಚ್ಚಲಿಲ್ಲ, ಬಾಯೂ ಬಿಡಲಿಲ್ಲ. ಬೇಕಂತಲೇ. ಯಾರಾದರೂ ಕೇಳಲಿ, ಜಗಳ ತೆಗೆಯೋಣ ಅಂತ ಕಾಯುತ್ತಿದ್ದೆ. ಮೇಷ್ಟ್ರೊಬ್ಬರು ನೋಡಿ, ಹಾಗಾದರೆ ಸಾಲಿನಿಂದ ಆಚೆ ನಿಲ್ಲು ಅಂದರು. ನಿಂತೆ. ಅದೂ ಒಂಥರಾ ಖುಷಿಯೇ ಆಗಿತ್ತು.

ಆವತ್ತು ಸಂಜೆ ಟೀಚರ್ ನನ್ನನ್ನು ಲ್ಯಾಬಿಗೆ ಕರೆದರು, ಬೀಕರ್ ತೊಳೆಯಲು. ನಾನು ತೊಳೆದು ಕೊಡುತ್ತಿದ್ದೆ, ಅವರು ಒರೆಸಿ ಕಪಾಟಿನಲ್ಲಿ ಬೋರಲು ಇಡುತ್ತಿದ್ದರು. ಅರ್ಧ ಕೆಲಸ ಮುಗಿಯುವವರೆಗೂ ಮಾತಿಲ್ಲ. ಆಮೇಲೆ ಕೇಳಿದರು.

“ಕಣ್ಣು ಮುಚ್ಚೋಕೆ ಆಗ್ತಿಲ್ವಾ?”

“ಮನಸ್ಸಿಲ್ಲ ಟೀಚರ್.”

“ಸರಿ, ಮುಚ್ಚಬೇಡ. ಆದ್ರೆ ಸಾಲಿನಲ್ಲೇ ನಿಲ್ಲು, ಆ ಮೇಷ್ಟ್ರಿಗೆ ನಾನು ಹೇಳ್ತೀನಿ. ಎಲ್ಲರೂ ಕಣ್ಣು ಮುಚ್ಚಿಕೊಂಡ್ರೆ ಇವತ್ತು ಯಾರು ಬಂದಿಲ್ಲ ಅಂತ ನೋಡೋರು ಯಾರು? ನೀನು ನೋಡು. ನೋಡಿ ಬಂದು ನಂಗೆ ಹೇಳು.”

ಇಷ್ಟೇ. ಸಮಾಧಾನದ ಮಾತು ಒಂದೂ ಇಲ್ಲ. ಅಪ್ಪನ ವಿಷಯ ಎತ್ತಲೇ ಇಲ್ಲ.

ಮಾರನೇ ದಿನ ಎರಡು ಹೆಸರು ಹೇಳಿದೆ. “ಯಾಕೆ ಬಂದಿಲ್ಲ?” ಅಂದರು. ಗೊತ್ತಿಲ್ಲ ಅಂದೆ. “ತಿಳ್ಕೊಂಡು ಬಾ.” ಹೀಗೆ ಶುರುವಾಯಿತು. ಒಬ್ಬನಿಗೆ ಜ್ವರ. ಒಬ್ಬಳ ಅಮ್ಮನಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು, ಮನೆಯಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳಲು ಇವಳೇ ಆಗಬೇಕಿತ್ತು. ಇನ್ನೊಬ್ಬನಿಗೆ ಇದ್ದದ್ದು ಒಂದೇ ಯೂನಿಫಾರ್ಮ್ ಅಂಗಿ, ಅದು ಹೆಗಲ ಹತ್ತಿರ ಹರಿದಿತ್ತು. ನನಗೆ ಗೊತ್ತಾದದ್ದನ್ನು ಟೀಚರ್‌ಗೆ ಹೇಳುತ್ತಿದ್ದೆ. ಅವರು “ಹ್ಞೂಂ” ಅನ್ನುತ್ತಿದ್ದರು, ಅಷ್ಟೇ. ಆ ಹುಡುಗ ಮುಂದಿನ ವಾರ ಬಂದ. ಅಂಗಿ ಹೊಸದು. ಅವನೂ ಏನೂ ಹೇಳಲಿಲ್ಲ, ಟೀಚರ್ ಮುಖದಲ್ಲೂ ಏನೂ ಕಾಣಲಿಲ್ಲ.

ಹತ್ತನೇ ಕ್ಲಾಸು ಮುಗಿಯುವವರೆಗೂ ಇದು ನನ್ನ ಕೆಲಸ. ಪ್ರಾರ್ಥನೆಯ ಹೊತ್ತಿನಲ್ಲಿ ಸಾಲು ಸಾಲಾಗಿ ಮುಖ ನೋಡುತ್ತಾ ಹೋಗುವುದು, ಎಲ್ಲಿ ಜಾಗ ಖಾಲಿ ಇದೆ ಅಂತ ಹುಡುಕುವುದು, ಆ ಮಗುವಿಗೆ ಏನಾಗಿರಬಹುದು ಅಂತ ಯೋಚಿಸುವುದು. ಇದೇ ಪ್ರಾರ್ಥನೆ ಕಣೋ ಅಂತ ಟೀಚರ್ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ನಾನು ಅವತ್ತೇ ಬಿಟ್ಟುಬಿಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಅವರು ದೈವಭಕ್ತರು. ಪಾಠ ಶುರು ಮಾಡುವ ಮೊದಲು ಮೇಜಿನ ಮೇಲೆ ಎರಡೂ ಕೈ ಊರಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಆದರೆ ಪಾಠದೊಳಗೆ ದೇವರನ್ನು ತರುತ್ತಿರಲಿಲ್ಲ. ನಾನು ಕೆಣಕಲು ನೋಡುತ್ತಿದ್ದೆ. ಬಿಗ್ ಬ್ಯಾಂಗ್‌ನಿಂದ ಎಲ್ಲ ಶುರುವಾಗಿದ್ದರೆ ದೇವರು ಯಾಕೆ ಬೇಕು ಅಂತ ಒಂದು ದಿನ ಕ್ಲಾಸಿನಲ್ಲೇ ಕೇಳಿದೆ. ಅದಕ್ಕೆ ಅವರು ಜಾರ್ಜ್ ಲೆಮೈತ್ರ ಅವರ ಕಥೆ ಹೇಳಿದರು. ಬೆಲ್ಜಿಯಂನವರು, ಕ್ಯಾಥೊಲಿಕ್ ಪಾದ್ರಿ, ಭೌತವಿಜ್ಞಾನಿ ಕೂಡ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಲೆಕ್ಕ ಹಾಕಿ ತೋರಿಸಿದವರು. ಇದೆಲ್ಲ ಒಂದು ಆದಿಪರಮಾಣುವಿನಿಂದ ಹೊರಟಿರಬೇಕು ಅಂತ 1931ರಲ್ಲಿ ಬರೆದರು. ಬಿಗ್ ಬ್ಯಾಂಗ್ ವಿಚಾರ ಬೆಳೆದದ್ದು ಅಲ್ಲಿಂದಲೇ. ಕ್ಲಾಸಿನಲ್ಲಿ ದೇವರನ್ನು ನಂಬುವ ಗುಂಪು ಚಪ್ಪಾಳೆ ತಟ್ಟುವುದೊಂದು ಬಾಕಿ. ಟೀಚರ್ ನಿಲ್ಲಿಸಲಿಲ್ಲ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು, ಸೃಷ್ಟಿಯಾಗಿದೆ ಅನ್ನುವ ಮಾತಿಗೆ ವಿಜ್ಞಾನವೂ ದನಿಗೂಡಿಸುತ್ತಿದೆ ಅನ್ನುವ ಅರ್ಥದಲ್ಲಿ ಮಾತಾಡಿದಾಗ ಲೆಮೈತ್ರರಿಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತವನ್ನು ದೇವರಿಗೆ ಸಾಕ್ಷಿಯಾಗಿ ನಿಲ್ಲಿಸುವುದು ಅವರಿಗೆ ಬೇಕಿರಲಿಲ್ಲ. ಪಾದ್ರಿಯಾಗಿ ಇದ್ದುಕೊಂಡೇ ಹಾಗಂದರು. ಈಗ ಎರಡೂ ಗುಂಪು ಗಪ್‌ಚಿಪ್. ನನಗೆ ಸಿಟ್ಟೇ ಬಂತು. ಹೌದೋ ಇಲ್ಲವೋ ಅಂತ ಒಂದು ತೀರ್ಪು ಬೇಕಿತ್ತು ನನಗೆ. ಟೀಚರ್ ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸಿ ಬೆಳಕಿನ ವಕ್ರೀಭವನ ಶುರು ಮಾಡಿದರು.

ಇನ್ನೊಂದು ವಿಷಯ ಹೇಳಲೇಬೇಕು. ಹೂವಿನ ಭಾಗಗಳ ಪಾಠಕ್ಕೆ ಅವರು ಕಾಶಿಕಣಗಿಲೆ ತಂದಿದ್ದರು. ಐದು ಎಸಳು, ಕೆಳಗೆ ಸಣ್ಣ ಕೊಳವೆ. ಮೇಲಿನಿಂದ ನೋಡಿದರೆ ಕೇಸರಗಳು ಕಾಣುವುದಿಲ್ಲ, ಕೊಳವೆಯ ಒಳಗೆ ಅಡಗಿರುತ್ತವೆ. ನಮ್ಮಲ್ಲಿ ಅರ್ಧ ಜನ “ಕೇಸರ ಇಲ್ಲ” ಅಂತ ಬರೆದೆವು. ಅವರು ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ, ಸೂಜಿಯಿಂದ ಬಿಡಿಸಿ ತೋರಿಸಿದರು. “ಕಾಣಲಿಲ್ಲ ಅಂತ ಬರೀರಿ. ಇಲ್ಲ ಅಂತ ಬರೀಬೇಡಿ” ಅಂದರು. ಅವರು ಹೇಳಿದ್ದು ಹೂವಿನ ಬಗ್ಗೆಯೇ.

ನನಗೆ ಬಂದದ್ದು ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳಲ್ಲಿ ಶುರುವಾಗುವ ಒಂದು ಬಗೆಯ ಕ್ಯಾನ್ಸರ್. ಅದಕ್ಕೆ ನಾಲ್ಕು ಮದ್ದು ಒಟ್ಟಿಗೆ ಕೊಡುತ್ತಾರೆ. ಒಂದು ಕೆಂಪಗೆ, ಮೈಗೆ ಹೋದ ಮೇಲೆ ಮೂತ್ರವೂ ಕೆಂಪಾಗುತ್ತದೆ. ಇನ್ನೊಂದಕ್ಕೆ ಬೆಳಕು ಆಗುವುದಿಲ್ಲ, ಅದರ ಬಾಟಲಿಗೆ ಮುಸುಕು ಹಾಕಿರುತ್ತಾರೆ. ಸಿಸ್ಟರ್ ಪ್ರತಿ ಸಲ ನರ ಸರಿಯಾಗಿದೆಯಾ ಅಂತ ಒತ್ತಿ ಒತ್ತಿ ನೋಡಿ, ಉರಿಯುತ್ತಿದ್ದರೆ ತಕ್ಷಣ ಹೇಳಿ ಅನ್ನುತ್ತಿದ್ದರು. ಕೆಲವು ಮದ್ದು ನರದಿಂದ ಆಚೆ ಸೋರಿದರೆ ಸುತ್ತಲಿನ ಮಾಂಸವೇ ಸುಟ್ಟುಹೋಗುತ್ತದಂತೆ. ನಾಲ್ಕರಲ್ಲಿ ಒಂದರ ಹೆಸರು ವಿನ್‌ಬ್ಲಾಸ್ಟಿನ್. ಸುಮ್ನೆ ಕೂತು ಅದರ ಬಗ್ಗೆ ಓದುತ್ತಿದ್ದೆ. ನೋಡಿದರೆ, ಅದು ಕಾಶಿಕಣಗಿಲೆಯಿಂದ ಬಂದದ್ದು! 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಈ ಗಿಡದ ಎಲೆಯಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತಿದ್ದರು. ಎಲೆ ಜಮೈಕಾದಿಂದ ಬಂದಿತ್ತು. ಇಲಿಗಳಿಗೆ ಕೊಟ್ಟರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಇದು ಬೇರೆ ಯಾವುದಕ್ಕೋ ಆಗುತ್ತದೆ ಅಂತ ಅವರು ಬೆನ್ನು ಹತ್ತಿದರು. 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಕೈಗೆ ಬಂತು. ಟೀಚರ್‌ಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು, “ಆ ಹೂವಿನ ಚಿತ್ರಕ್ಕೆ ನಿಂಗೆ ಎಷ್ಟು ಮಾರ್ಕ್ಸ್ ಕೊಟ್ಟಿದ್ದೆ?” ಅಂದರು.

ಪ್ರಾರ್ಥನೆಯಿಂದ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ಮದ್ದಿನಿಂದ ವಾಸಿಯಾಯಿತು. ಕ್ಯಾನ್ಸರ್‌ಗಳಲ್ಲಿ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಜಾತಿ, ನನ್ನ ಅದೃಷ್ಟ. ಪಕ್ಕದ ಕುರ್ಚಿಗಳಲ್ಲಿ ಕೂತವರೂ ಪ್ರಾರ್ಥನೆ ಮಾಡುತ್ತಿದ್ದರು, ನನಗಿಂತ ಜಾಸ್ತಿಯೇ. ಆದರೂ ಆ ದಿನಗಳನ್ನು ದೇವರಿಲ್ಲದೆ ಕಳೆದೆ ಅಂತಲೂ ಹೇಳಲಾರೆ. ಬೇಡಿಕೊಳ್ಳಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ, ಅಪ್ಪನ ಕಾಲಕ್ಕೇ ಅದು ಮುಗಿದಿತ್ತು. ಹಾಗಾಗಿ ಗೊತ್ತಿದ್ದದ್ದನ್ನೇ ಮಾಡಿದೆ. ಕೈಗೆ ಡ್ರಿಪ್ ಹಾಕಿಸಿಕೊಂಡು ಕೂತ ಮೇಲೆ ವಾರ್ಡಿನ ಕುರ್ಚಿಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಿದ್ದೆ. ಇವತ್ತು ಯಾರು ಬಂದಿಲ್ಲ?

ಸಿಸ್ಟರ್‌ಗೆ ಕೇಳಿದರೆ ಹೆಚ್ಚಿನ ಸಲ ಉತ್ತರ ಸಲೀಸು. ರಕ್ತಕಣ ಕಡಿಮೆ ಇದೆ, ಮುಂದಿನ ವಾರ ಬರುತ್ತಾರೆ. ಜ್ವರ ಇದೆಯಂತೆ. ಅವರದು ಮುಗಿಯಿತಲ್ಲ, ನಿಮಗೆ ಹೇಳಲಿಲ್ವಾ? ಕಿಟಕಿ ಪಕ್ಕ ಯಾವಾಗಲೂ ಒಬ್ಬ ಹಿರಿಯರು ಕೂರುತ್ತಿದ್ದರು. ಪೇಪರಿನ ಪದಬಂಧ ಬಿಡಿಸುತ್ತಾ, ಸಿಗದ ಪದವನ್ನು ಜೋರಾಗಿ ನಮಗೆಲ್ಲ ಕೇಳುತ್ತಿದ್ದರು. ಒಂದು ದಿನ ಆ ಜಾಗದಲ್ಲಿ ಬೇರೆಯವರಿದ್ದರು. ಕೇಳಿದೆ. ಸಿಸ್ಟರ್ ಉತ್ತರ ಕೊಡದೆ ನನ್ನ ಡ್ರಿಪ್ಪಿನ ವೇಗ ಸರಿಮಾಡಿ ಮುಂದೆ ಹೋದರು. ಆವತ್ತೂ ನಾನು ಕಣ್ಣು ಮುಚ್ಚಲಿಲ್ಲ. ಆ ಕಿಟಕಿಯ ಕಡೆಯೇ ನೋಡುತ್ತಾ ಅವರ ಹೆಸರು ಹೇಳಿದೆ. ದೇವರಿಗೇ ಹೇಳುತ್ತಿದ್ದೇನೆ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಏನೂ ಕೇಳಲಿಲ್ಲ. ಇವರು ಬಂದಿಲ್ಲ ಅಂದೆ, ಅಷ್ಟೇ.

ಟೀಚರ್, ಇದನ್ನು ನಿಮ್ಮ ಮೊಮ್ಮಗಳು ಓದಿ ಹೇಳುತ್ತಾಳೆ ಅಂತ ಗೊತ್ತು. ಇಷ್ಟು ಉದ್ದ ಯಾಕೆ ಬರೆದೆ ಅಂತ ನೀವು ಕೇಳುತ್ತೀರಿ ಅಂತಲೂ ಗೊತ್ತು. ನೀವು ನನಗೆ ನಂಬು ಅಂತ ಹೇಳಲಿಲ್ಲ, ಮಾಡಲು ಒಂದು ಕೆಲಸ ಕೊಟ್ಟಿರಿ. ಬೇರೆ ಯಾರು ಏನು ಹೇಳಿದ್ದರೂ ನಾನು ಆ ಸಾಲಿಗೆ ವಾಪಸ್ ಬರುತ್ತಿರಲಿಲ್ಲ. ತುಂಬಾ ಥ್ಯಾಂಕ್ಸ್.

ವಾರ್ಡಿನಲ್ಲಿ ಡಿಗ್ರಿ ಓದುವ ಒಬ್ಬ ಹುಡುಗ ಇದ್ದಾನೆ. ಅವನದು ಇನ್ನೂ ಮುಗಿದಿಲ್ಲ, ಹೋದ ಸಲ ರಕ್ತಕಣ ಕಡಿಮೆಯಾಗಿ ವಾಪಸ್ ಕಳಿಸಿದರಂತೆ. ಪರೀಕ್ಷೆ ಬೇರೆ ಹತ್ತಿರ ಬಂದಿದೆ. ಅವನ ಹೆಸರನ್ನು ಫೋನಿನಲ್ಲಿ ಹೇಳುತ್ತೇನೆ. ಬೆಳಗಿನ ಹೊತ್ತು ನಿಮ್ಮ ಲೆಕ್ಕದಲ್ಲಿ ಅವನನ್ನೂ ಸೇರಿಸಿಕೊಳ್ಳಿ.