ಅಕ್ಕ ಕೇಳಿದ ಒಂದು ಪ್ರಶ್ನೆ

ಮಗಳಿಗೆ ಇವತ್ತು ಒಂದು ವರ್ಷ ತುಂಬಿತು. ಅವಳು ಹೊಟ್ಟೆಯಲ್ಲಿದ್ದಾಗ ಮಾಸು ಗರ್ಭಕೋಶಕ್ಕೇ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಸಾಲಾಗಿ ನಿಂತು ರಕ್ತ ಕೊಟ್ಟ ಹುಡುಗರಿಗೆ, ಮಗನನ್ನು ದಿನಾ ಸ್ಕೂಲಿಗೆ ಬಿಟ್ಟ ಪಕ್ಕದ ಮನೆಯವರಿಗೆ, ಡಾಕ್ಟರಿಗೆ, ನರ್ಸುಗಳಿಗೆ ಕೈ ಮುಗಿಯುತ್ತೇನೆ. ಗಂಡನಿಗೆ ಮನೆಯಲ್ಲೇ ಹೇಳಿದ್ದೇನೆ.

ವಾರಗಿತ್ತಿ ಅಕ್ಕನ ವಿಷಯ ಮಾತ್ರ ಇಷ್ಟಕ್ಕೆ ಮುಗಿಯುವುದಿಲ್ಲ.

ಆಪರೇಷನ್ನಿನ ಹಿಂದಿನ ರಾತ್ರಿ. ಗರ್ಭಕೋಶ ತೆಗೆಯಬೇಕಾಗಬಹುದು ಅನ್ನುವ ಕಾಗದಕ್ಕೆ ಸಹಿ ಹಾಕಿ ಮಲಗಿದ್ದೆ. ನೋಡಲು ಬಂದವರೆಲ್ಲ ಒಂದೇ ಕೇಳಿದ್ದರು: ಭಾರ ಎತ್ತಿದ್ಯಾ? ಪಪ್ಪಾಯ ತಿಂದ್ಯಾ? ನನ್ನ ತಲೆಯಲ್ಲೂ ಅದೇ. ಐದನೇ ತಿಂಗಳಲ್ಲಿ ಗ್ಯಾಸ್ ಸಿಲಿಂಡರ್ ಎಳೆದಿದ್ದೆ.

ಎರಡು ಗಂಟೆಗೆ ಬಿಪಿ ನೋಡಲು ಬಂದ ಡ್ಯೂಟಿ ಡಾಕ್ಟರನ್ನು ಅಕ್ಕ ಬಿಡಲಿಲ್ಲ. "ಮೇಡಂ, ನಮ್ಮ ಹಸುಗೂ ಮಾಸು ಬೀಳದೆ ಒದ್ದಾಡಿದೆ. ಇವಳಿಗೆ ಹಿಂಗಾಗಿದ್ದು ಸಿಲಿಂಡರ್ ಎಳೆದಿದ್ದಕ್ಕಾ?"

ಆ ಹುಡುಗಿ ಸ್ಟೂಲ್ ಎಳೆದುಕೊಂಡು ಕೂತಳು. ಹಸುವಿನ ಮಾಸು ಗುಂಡಿ ಹಾಕಿದ ಹಾಗೆ ಅಲ್ಲಲ್ಲಿ ಹಿಡಿದಿರುತ್ತದಂತೆ, ಒಳಗೆ ಕೊರೆಯುವುದಿಲ್ಲ. ಮನುಷ್ಯರದ್ದು ಕೊರೆಯಲೇಬೇಕು, ತಾಯಿಯ ರಕ್ತನಾಳ ತೆರೆದುಕೊಂಡರೇ ಮಗುವಿಗೆ ಊಟ. ಎಲ್ಲಿ ನಿಲ್ಲಬೇಕು ಅನ್ನುವುದು ಗರ್ಭಕೋಶದ ಒಳಪದರದ ಕೆಲಸ. ಹಳೆಯ ಸಿಸೇರಿಯನ್ ಗಾಯ ಮಾಗಿದ ಕಡೆ ಆ ಪದರ ಸರಿಯಾಗಿ ಬೆಳೆಯುವುದಿಲ್ಲ. ಮಾಸು ಅಲ್ಲೇ ಬೇರೂರಿದರೆ ತಡೆಯುವವರಿಲ್ಲ, ಸ್ನಾಯುವಿಗೇ ಅಂಟಿಕೊಳ್ಳುತ್ತದೆ, ಕೆಲವೊಮ್ಮೆ ಒಳಕ್ಕೂ ಇಳಿಯುತ್ತದೆ. ಅಕ್ರೀಟಾ ಅನ್ನುವುದು ಇದಕ್ಕೇ. ಮಾಸು ದುರಾಸೆ ಪಟ್ಟಿದ್ದಲ್ಲ, ಬೇಲಿ ಇರಲಿಲ್ಲ ಅಷ್ಟೇ. ಹಿಂದೆ ಗರ್ಭ ನಿಲ್ಲದೆ ಗರ್ಭಕೋಶ ಕ್ಲೀನ್ ಮಾಡಿಸಿದ್ದರೂ ಪದರಕ್ಕೆ ಪೆಟ್ಟಾಗಿರಬಹುದು. ನನಗೆ ಎರಡೂ ಆಗಿತ್ತು. ಮಾಸು ಕೆಳಗೆ, ಹಳೆಯ ಹೊಲಿಗೆಯ ಮೇಲೇ ಕೂತಿತ್ತು. ಹೀಗೆ ಕೆಳಗೆ ಕೂತಾಗ, ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ 100ಕ್ಕೆ ಸುಮಾರು 11 ಜನರಿಗೆ ಇದು ಬರುತ್ತದೆ. ಎರಡಾಗಿದ್ದರೆ 40, ಮೂರಾಗಿದ್ದರೆ 61.

"ಆ ಹನ್ನೊಂದು ಜನರಲ್ಲಿ ನೀನೊಬ್ಬಳು," ಅಂದರು ಅಕ್ಕ. "ಸಿಲಿಂಡರ್ ಲೆಕ್ಕದಲ್ಲೇ ಇಲ್ಲ ಕಣೇ."

ಆಮೇಲೆ ನಾನು ಅತ್ತೆ. ನಡುವೆ ಉಳಿಯದೇ ಹೋದ ಮಗುವಿಗೂ ಸೇರಿಸಿ ಅತ್ತೆ. ಮಗ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ, ಅವನನ್ನು ಉಳಿಸಿದ್ದು ಇದೇ ಗಾಯ. ಅದರ ಮೇಲೆ ಸಿಟ್ಟಾದರೂ ಹೇಗೆ ಮಾಡಲಿ? ಅಕ್ಕ ಸಮಾಧಾನ ಹೇಳಲಿಲ್ಲ, ದೇವರಿದ್ದಾನೆ ಅಂತಲೂ ಅನ್ನಲಿಲ್ಲ. ಬೆಳಗಿನವರೆಗೂ ಸುಮ್ನೆ ಕಾಲು ಒತ್ತುತ್ತಾ ಕೂತಿದ್ದರು.

ಗರ್ಭಕೋಶ ಹೋಯಿತು. ನಾವಿಬ್ಬರೂ ಉಳಿದೆವು.

ಈಗ ಯಾರಾದರೂ ಭಾರ, ಪಪ್ಪಾಯ ಅಂತ ಶುರು ಮಾಡಿದರೆ ಅಕ್ಕ ಅಡುಗೆಮನೆಯಿಂದಲೇ ಬರುತ್ತಾರೆ. "ಕೂತ್ಕೊಳ್ಳಿ, ಹೇಳ್ತೀನಿ" ಅಂತ ಸೆರಗಿನ ಹೊಲಿಗೆ ಹಿಡಿದು ಪಾಠ ಮಾಡುತ್ತಾರೆ. ಡಾಕ್ಟರಿಗಿಂತ ಸ್ವಲ್ಪ ಜಾಸ್ತಿಯೇ. ಇವತ್ತು ಅಕ್ಕ ಹಾಲು ಕರೆದು ಡೈರಿಗೆ ಹಾಕಿ ಹೊರಟಿದ್ದಾರಂತೆ, ಬಸ್ಸು ತಿಪಟೂರು ಬಿಟ್ಟಿದೆಯಂತೆ. ಅವರು ಬಂದ ಮೇಲೇ ಕೇಕ್ ಕತ್ತರಿಸುವುದು.